ದುಂಡು ಜಗಲಿಗೆ ಮುಂದಿನ ಸಾಲೆಲ್ಲಿ?

ಬೆಂಗಳೂರಿನ ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಉತ್ಸವದ ಕಾರ್ಯಕ್ರಮ ಬೇಕೋ ಬೇಡವೋ? ವಾಕಿಂಗ್ ಬರುವವರಿಗೆ ಗದ್ದಲ ಬೇಡ. ಕಲಾವಿದರಿಗೆ ಜಾಗ ಬೇಕು. ಹಾಸನದವನಾದ ನನ್ನ ಪಂಚಾಯಿತಿ ಇಷ್ಟೇ: ನುಡಿಸಲಿ, ಮೈಕು ಮಾತ್ರ ಬೇಡ.

ಬ್ರಿಟಿಷ್ ಎಂಜಿನಿಯರ್ ಸ್ಯಾಂಕಿ 1870ರಲ್ಲಿ ರೂಪಿಸಿದ ಉದ್ಯಾನ ಅದು. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವಾದರೂ ಜನರ ಬಾಯಲ್ಲಿ ಕಬ್ಬನ್ ಪಾರ್ಕೇ. ಅಲ್ಲಿನ ಎಂಟು ಮೂಲೆಯ ಮಂಟಪ ಹಿತ್ತಾಳೆ ವಾದ್ಯಗಳ ಕಾಲದ್ದು. ಎತ್ತರದ ಜಗಲಿ, ತಲೆಯ ಮೇಲೆ ಚಾವಣಿ. ದನಿ ಅದಕ್ಕೆ ಬಡಿದು ಸುತ್ತಲೂ ಇಳಿಯಬೇಕು. ಅದರ ಪಕ್ಕದಲ್ಲಿ ಸ್ಪೀಕರ್ ಪೇರಿಸುವುದೆಂದರೆ ವೀಣೆಯನ್ನು ಊರುಗೋಲು ಮಾಡಿಕೊಂಡಂತೆ.

ಅದಿರಲಿ, ಆ ಮಂಟಪದ ದೊಡ್ಡ ಗುಣವೇ ಬೇರೆ. ಅದಕ್ಕೆ ಹಿಂದು ಮುಂದಿಲ್ಲ. ಫ್ಲೆಕ್ಸ್ ಕಟ್ಟಲು ಬೆನ್ನಿಗೆ ಗೋಡೆಯಿಲ್ಲ. ಗಣ್ಯರ ಸೋಫಾವನ್ನು ಎಲ್ಲಿ ಹಾಕಿದರೂ ಅದು ಎಂಟರಲ್ಲಿ ಒಂದು ಮಗ್ಗುಲು, ಅಷ್ಟೆ. ನಮ್ಮ ಉತ್ಸವಗಳಲ್ಲಿ ಹಾರ, ಶಾಲು, ಸ್ವಾಗತ ಭಾಷಣ ಮುಗಿಯುವ ಹೊತ್ತಿಗೆ ಹಾಡುವವರಿಗೆ ಉಳಿಯುವುದು ಇಪ್ಪತ್ತು ನಿಮಿಷ. ದುಂಡು ಜಗಲಿ ಇದ್ದರೂ ಅದರೆದುರು ಶಾಮಿಯಾನ ಎದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಬ್ಯಾಂಡ್‌ಸ್ಟ್ಯಾಂಡ್ ಬ್ರಿಟಿಷರ ಪಳೆಯುಳಿಕೆ ಎನ್ನುವವರು ಯಾವುದಾದರೂ ಹಳ್ಳಿಯ ಅರಳಿಕಟ್ಟೆ ನೋಡಿ ಬರಲಿ. ಎರಡರ ರೀತಿಯೂ ಒಂದೇ: ಬಂದವರು ಸುತ್ತ ಕೂರುತ್ತಾರೆ, ಬೇಸರವಾದರೆ ಎದ್ದು ಹೋಗುತ್ತಾರೆ. ಮೈಕು ಬೇಡವೆಂದರೆ, ತಮಟೆಗೆ ಮೈಕೇ ಬೇಡವಲ್ಲ, ಅದರ ಸದ್ದಿಗೇನು ಮಾಡುತ್ತೀರಿ ಎಂದು ಕೇಳಬಹುದು. ಒಪ್ಪಿದೆ. ಅದಕ್ಕೆ ಹೊಳೆನರಸೀಪುರದ ತೇರಿನ ಬೀದಿ ಇದೆ. ಪಾರ್ಕಿನ ಹಕ್ಕಿಗಳನ್ನು ಎಬ್ಬಿಸಬೇಕಿಲ್ಲ.

ಸಂಗೀತಕ್ಕೆ ನಮ್ಮ ಹಾಸನ ಜಿಲ್ಲೆಯಲ್ಲೂ ಬರವಿಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಡದ ಪುಟ್ಟ ಊರು. ಗಾಯಕ ಆರ್.ಕೆ. ಶ್ರೀಕಂಠನ್ ಅಲ್ಲಿಯವರು, ರುದ್ರಪಟ್ಟಣಂ ಸಹೋದರರ ಹೆಸರಿನಲ್ಲೇ ಊರಿದೆ. ಆರ್.ಕೆ. ಪದ್ಮನಾಭ ಅಲ್ಲಿ ತಂಬೂರಿಯಾಕಾರದ ಮಂದಿರವನ್ನೇ ಕಟ್ಟಿಸಿದರು. ಇಂಥ ಜಿಲ್ಲೆಯ ಕೇಂದ್ರದಲ್ಲಿ ಹಬ್ಬ ಎಂದರೆ ಎದೆ ನಡುಗಿಸುವ ಸ್ಪೀಕರ್ ಎಂದು ಯಾರು ತೀರ್ಮಾನಿಸಿದರು?

ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ನಮ್ಮ ಮಹಾರಾಜ ಪಾರ್ಕಿನ ಮರದಡಿ ಒಂದು ದುಂಡು ಜಗಲಿ ಹಾಕಿಸಿ. ಒಂದು ಪಿಟೀಲು, ಒಂದು ಮೃದಂಗ ಸಾಕು. ದರ್ಶನ ಮುಗಿಸಿದ ಚನ್ನರಾಯಪಟ್ಟಣದ ಅಜ್ಜಿ ಕಾಲು ಚಾಚಿ ಕೂತು ಕೇಳಲಿ. ಸಚಿವರೂ ಬರಲಿ; ಹುಲ್ಲಿನ ಮೇಲೆ ಜಾಗವಿದೆ.