ಒತ್ತಾಯವಿಲ್ಲದ ಉಳಿತಾಯ

1961ರ ಆದಾಯ ತೆರಿಗೆ ಕಾಯ್ದೆ 2025ರ ಹೊಸ ಕಾಯ್ದೆಗೆ ಜಾಗ ಬಿಟ್ಟುಕೊಡುವ ದಿನ 2026ರ ಏಪ್ರಿಲ್ 1. ಆರು ದಶಕಕ್ಕೂ ಹೆಚ್ಚು ಕಾಲ ಸಂಬಳದಾರರ ಮಾರ್ಚ್ ತಿಂಗಳನ್ನು ಆಳಿದ ಕಾಯ್ದೆ ಅದು. ಈ ಶತಮಾನದ ಮೊದಲ ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ಮನೆಗಳ ಜಮಾ–ಖರ್ಚು ಎಲ್ಲಿಂದ ಎಲ್ಲಿಗೆ ಬಂತೆಂದು ಹಿಂತಿರುಗಿ ನೋಡಲು ಇದು ತಕ್ಕ ಸಮಯ. ಆದಾಯ ಏರಿದೆ, ತೆರಿಗೆ ಇಳಿದಿದೆ, ಬ್ಯಾಂಕ್ ಮೊಬೈಲಿನೊಳಗೆ ಬಂದು ಕೂತಿದೆ. ಆದರೆ ಲೆಕ್ಕ ಬಿಡಿಸಿ ನೋಡಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. ಹಿಂದಿನ ತಲೆಮಾರು ದುಡ್ಡು ಕೂಡಿಟ್ಟದ್ದರಲ್ಲಿ ಅವರ ಶಿಸ್ತಿನ ಪಾಲೆಷ್ಟೋ, ಕಾನೂನು ಮತ್ತು ಪರಿಸ್ಥಿತಿಯ ಒತ್ತಾಯದ ಪಾಲೂ ಅಷ್ಟೇ ಇತ್ತು. ಆ ಒತ್ತಾಯಗಳು ಒಂದೊಂದಾಗಿ ಕಳಚಿಕೊಂಡಿವೆ.

ಮೊದಲು ತೆರಿಗೆ. 2000ನೇ ಇಸವಿಯಲ್ಲಿ ವರ್ಷದ ಆದಾಯ ₹50,000 ದಾಟಿದರೆ ತೆರಿಗೆ ಶುರುವಾಗುತ್ತಿತ್ತು. 2025ರ ಬಜೆಟ್ ಬಳಿಕ ಹೊಸ ಪದ್ಧತಿಯಲ್ಲಿ ₹12 ಲಕ್ಷದವರೆಗೆ ತೆರಿಗೆ ಇಲ್ಲ. ಸಂಬಳದಾರರಿಗೆ ₹75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿದರೆ ಈ ಮಿತಿ ₹12.75 ಲಕ್ಷ. ಷೇರು ಮಾರಿದ ಲಾಭದಂಥ ಆದಾಯದ ಲೆಕ್ಕ ಮಾತ್ರ ಬೇರೆ. ನಡುವಿನ ವರ್ಷಗಳನ್ನು ಆಳಿದ್ದು, ಉಳಿತಾಯಕ್ಕೆ ತೆರಿಗೆ ವಿನಾಯಿತಿ ಕೊಡುವ 80ಸಿ. 2005ರಲ್ಲಿ ₹1 ಲಕ್ಷದ ಮಿತಿಯೊಂದಿಗೆ ಬಂದ ಈ ಸೆಕ್ಷನ್ 2014ರಲ್ಲಿ ₹1.5 ಲಕ್ಷಕ್ಕೆ ಏರಿತು. ಎಲ್‌ಐಸಿ ಕಂತು, ಪಿಪಿಎಫ್, ಎನ್‌ಎಸ್‌ಸಿ, ಮಕ್ಕಳ ಬೋಧನಾ ಶುಲ್ಕ, ಗೃಹಸಾಲದ ಅಸಲು ಎಲ್ಲವೂ ಅದರೊಳಗೆ. ಶೇ 30ರ ಹಂತದವರಿಗೆ ಸೆಸ್ ಸೇರಿ ₹46,800 ಉಳಿಯುತ್ತಿತ್ತು. ಫೆಬ್ರುವರಿ ಬಂತೆಂದರೆ ಆಫೀಸಿನ ಅಕೌಂಟ್ಸ್ ವಿಭಾಗ ಪ್ರೂಫ್ ಕೇಳುತ್ತಿತ್ತು, ಪರಿಚಯದ ಏಜೆಂಟರು ಫಾರಂ ಹಿಡಿದು ಮನೆಗೆ ಬರುತ್ತಿದ್ದರು. ಆ ಅವಸರದಲ್ಲಿ ಕೊಂಡ ಎಷ್ಟೋ ಪಾಲಿಸಿಗಳಲ್ಲಿ ವಿಮೆಯ ರಕ್ಷಣೆಯೂ ಸಾಲದು, ಬರುವ ಲಾಭವೂ ಸಾಲದು. ಆದರೂ ಇಪ್ಪತ್ತು ವರ್ಷದ ಕೊನೆಗೆ ಒಂದು ಇಡುಗಂಟು ಕೈಗೆ ಬರುತ್ತಿತ್ತು. ಮಗಳ ಮದುವೆಯೋ ಮನೆಯ ತಾರಸಿಯೋ ಅದರಲ್ಲಿ ಆಗುತ್ತಿತ್ತು.

2020ರಲ್ಲಿ ಬಂದು 2023–24ರಿಂದ ಮೂಲ ಆಯ್ಕೆಯಾದ ಹೊಸ ಪದ್ಧತಿಯಲ್ಲಿ 80ಸಿ ಇಲ್ಲ. ತೆರಿಗೆಯ ನೆಪದಲ್ಲಿ ಕೆಟ್ಟ ಪಾಲಿಸಿ ಕೊಳ್ಳುವ ಕರ್ಮ ತಪ್ಪಿತು, ಸರಿ. 2025ರ ಬಜೆಟ್ಟಿನಿಂದ ₹12 ಲಕ್ಷ ಆದಾಯದವರಿಗೆ ವರ್ಷಕ್ಕೆ ₹80,000 ತೆರಿಗೆ ಉಳಿಯಿತು. ಆ ಹಣ ಎಲ್ಲಿ ಹೋಗುತ್ತಿದೆ ಎಂದು ಈಗ ಯಾರೂ ಪ್ರೂಫ್ ಕೇಳುವುದಿಲ್ಲ. ದೇಶದ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ 2022–23ರಲ್ಲಿ ಜಿಡಿಪಿಯ ಸುಮಾರು ಶೇ 5ಕ್ಕೆ ಕುಸಿದು, ದಶಕಗಳ ಕನಿಷ್ಠ ಮಟ್ಟ ಮುಟ್ಟಿದ್ದನ್ನು ಇಲ್ಲಿ ನೆನೆಯಬೇಕು.

ಎರಡನೆಯದು ಪಿಂಚಣಿ. ಈ ಅವಧಿಯ ಅತಿ ದೊಡ್ಡ ಬದಲಾವಣೆ ಇದೇ; ನಾವು ಅತಿ ಕಡಿಮೆ ಯೋಚಿಸಿದ್ದೂ ಇದನ್ನೇ. 2004ರ ಜನವರಿ 1ರಿಂದ ಕೇಂದ್ರ ಸರ್ಕಾರದ, 2006ರ ಏಪ್ರಿಲ್ 1ರಿಂದ ಕರ್ನಾಟಕ ಸರ್ಕಾರದ ಕೆಲಸಕ್ಕೆ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿ ಇಲ್ಲವಾಗಿ ರಾಷ್ಟ್ರೀಯ ಪಿಂಚಣಿ ಪದ್ಧತಿ (ಎನ್‌ಪಿಎಸ್) ಬಂತು. ಮುಪ್ಪಿನ ಹೊಣೆ ಖಜಾನೆಯಿಂದ ನೌಕರರ ಹೆಗಲಿಗೆ ದಾಟಿತು. ಕೇಂದ್ರ 2025ರ ಏಪ್ರಿಲ್‌ನಿಂದ ಏಕೀಕೃತ ಪಿಂಚಣಿಯ ಆಯ್ಕೆ ಕೊಟ್ಟದ್ದು ಇದರಿಂದ ಹುಟ್ಟಿದ ಅಸಮಾಧಾನದ ಫಲ. ಖಾಸಗಿಯವರ ಪಾಡು ಇನ್ನೂ ತೆಳು: ನೌಕರರ ಪಿಂಚಣಿ ಯೋಜನೆಯ (ಇಪಿಎಸ್) ಕನಿಷ್ಠ ಪಿಂಚಣಿ 2014ರಲ್ಲಿ ₹1,000ಕ್ಕೆ ನಿಗದಿಯಾಗಿ ಹತ್ತು ವರ್ಷ ಕಳೆದರೂ ಅಲ್ಲೇ ನಿಂತಿತ್ತು. ಅಸಂಘಟಿತರಿಗೆಂದು 2015ರಲ್ಲಿ ಬಂದ ಅಟಲ್ ಪಿಂಚಣಿಯ ಗರಿಷ್ಠ ಮೊತ್ತ ತಿಂಗಳಿಗೆ ₹5,000. ಹಣದುಬ್ಬರ ಶೇ 6 ಎಂದಿಟ್ಟುಕೊಂಡರೆ ಹನ್ನೆರಡು ವರ್ಷಕ್ಕೊಮ್ಮೆ ಬೆಲೆಗಳು ಇಮ್ಮಡಿಯಾಗುತ್ತವೆ. ಅಂದರೆ 36ನೇ ವಯಸ್ಸಿನಲ್ಲಿ ಈ ಯೋಜನೆ ಸೇರಿದವರಿಗೆ 60ರಲ್ಲಿ ಸಿಗುವ ₹5,000ಕ್ಕೆ ಇಂದಿನ ₹1,250ರಷ್ಟೇ ಬೆಲೆ. ಈಗ ತಿಂಗಳಿಗೆ ₹30,000ದಲ್ಲಿ ನಡೆಯುವ ಮನೆಗೆ ಆಗ ₹1.2 ಲಕ್ಷ ಬೇಕು. ಇಷ್ಟು ಸರಳ ಲೆಕ್ಕ ಗೊತ್ತಿದ್ದೂ ಕೆಲಸ ಬದಲಿಸಿದಾಗಲೆಲ್ಲ ಪಿಎಫ್ ಹಿಂತೆಗೆದು ಬೈಕೋ ಪ್ರವಾಸವೋ ಮಾಡಿಕೊಳ್ಳುವ ಚಾಳಿ ಬಿಟ್ಟಿಲ್ಲ.

ಮೂರನೆಯದು ಖರ್ಚಿನ ವೇಗ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿ ಆರಂಭಿಸಿದಾಗ ಅದರ ಜಾಣ್ಮೆ ಇದ್ದದ್ದು ಒಂದೇ ಅಂಶದಲ್ಲಿ: ದುಡ್ಡು ಖರ್ಚಾಗುವ ಮೊದಲೇ ಏಜೆಂಟ್ ಅಂಗಡಿ ಬಾಗಿಲಲ್ಲಿ ಹಾಜರ್. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಅದೇ ಬಾಗಿಲಲ್ಲಿ ಈಗ ಕ್ಯೂಆರ್ ಕೋಡ್ ಇದೆ. 2016ರಲ್ಲಿ ಬಂದ ಯುಪಿಐ 2025ರ ಆಗಸ್ಟ್‌ನಲ್ಲಿ ಒಂದೇ ತಿಂಗಳಿಗೆ 2,000 ಕೋಟಿ ವಹಿವಾಟು ದಾಟಿತು. ಚಿಲ್ಲರೆಯ ರಗಳೆ ಹೋಯಿತು. ನೋಟು ಎಣಿಸಿ ಕೊಡುವಾಗ ಆಗುತ್ತಿದ್ದ ಸಣ್ಣ ಹಿಂಜರಿಕೆಯೂ ಹೋಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಕಲಿಸಿದ ಮನೆಗಳಿಗೆ ಹಾಸಿಗೆಯೂ ಇಎಂಐನಲ್ಲಿ ಬರುತ್ತಿದೆ. ಕ್ರೆಡಿಟ್ ಕಾರ್ಡಿನಲ್ಲಿ ‘ಕನಿಷ್ಠ ಮೊತ್ತ’ ಮಾತ್ರ ಕಟ್ಟಿ ಬಾಕಿ ಮುಂದೂಡಿದರೆ ಬೀಳುವ ಬಡ್ಡಿ ವರ್ಷಕ್ಕೆ ಶೇ 40ರ ಆಸುಪಾಸು. ಯಾವ ಹೂಡಿಕೆಯೂ ಅಷ್ಟು ಕೊಡದು.

ಯುಪಿಐ ಇನ್ನೊಂದು ಪಾಠವನ್ನೂ ಕಲಿಸಿತು. 2025ರ ಜುಲೈನಲ್ಲಿ ಅದರ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಬೋರ್ಡುಗಳು ಕಾಣಿಸಿಕೊಂಡವು. ಸರಕಿಗೆ ವರ್ಷಕ್ಕೆ ₹40 ಲಕ್ಷ, ಸೇವೆಗೆ ₹20 ಲಕ್ಷ ವಹಿವಾಟು ಮೀರಿದರೆ ನೋಂದಣಿ ಕಡ್ಡಾಯ ಎಂಬುದು ಅನೇಕರಿಗೆ ತಿಳಿದದ್ದೇ ನೋಟಿಸ್ ಬಂದ ಮೇಲೆ. ತಿಳಿಸುವ ಕೆಲಸ ವಸೂಲಿಗಿಂತ ಮೊದಲು ಆಗಬೇಕಿತ್ತು.

ಹೂಡಿಕೆಯ ಕಣದಲ್ಲಿ ಉಪದೇಶಕರಿಗೂ ಮುಖಭಂಗವಾಗಿದೆ. ಬಂಗಾರವನ್ನು ಸತ್ತ ಹಣ ಎಂದವರ ಕಣ್ಣೆದುರೇ, 2000ದಲ್ಲಿ 10 ಗ್ರಾಂಗೆ ₹4,400ರ ಆಸುಪಾಸಿನಲ್ಲಿದ್ದ ದರ 2025ರಲ್ಲಿ ₹1.25 ಲಕ್ಷ ದಾಟಿತು. ಆದರೆ 2012ರಲ್ಲಿ ₹31,000ದ ಸುತ್ತಮುತ್ತ ಇದ್ದ ಅದೇ ಬಂಗಾರ 2018ರಲ್ಲೂ ಅಲ್ಲೇ ಇತ್ತು. ಒಡವೆಯ ಮಜೂರಿ, ವೇಸ್ಟೇಜ್ ಕಳೆದರೆ ಆಗ ಕೊಂಡು ಮಾರಿದವರಿಗೆ ನಷ್ಟವೇ. ಪಿಪಿಎಫ್ ಬಡ್ಡಿ 2000ದ ಜನವರಿಯವರೆಗೆ ಶೇ 12 ಇದ್ದದ್ದು 2020ರಿಂದ ಶೇ 7.1. ಬಡ್ಡಿ ಇಳಿದಂತೆ ಹೆಚ್ಚು ಕೊಡುವವರ ಹಿಂದೆ ಹೋದವರೂ ಪೆಟ್ಟು ತಿಂದರು. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ, ನಿವೃತ್ತಿಯ ಇಡುಗಂಟನ್ನೇ ಅಲ್ಲಿಟ್ಟಿದ್ದ ಹಿರಿಯರು ₹35,000ಕ್ಕಿಂತ ಹೆಚ್ಚು ತೆಗೆಯಲಾರದೆ ಕಂಗಾಲಾದರು. ಠೇವಣಿ ವಿಮೆ ₹1 ಲಕ್ಷದಿಂದ ₹5 ಲಕ್ಷಕ್ಕೆ ಏರಿದ್ದು ಅದರ ಮರುತಿಂಗಳು.

ಒಟ್ಟು ತೀರ್ಪು ಇಷ್ಟು: ಸೌಲಭ್ಯದಲ್ಲಿ ಗೆದ್ದಿದ್ದೇವೆ, ಭದ್ರತೆಯಲ್ಲಿ ಹಿಂದೆ ಬಿದ್ದಿದ್ದೇವೆ. ಸರ್ಕಾರ ಆಯ್ಕೆ ಕೊಟ್ಟಿತು, ಆಯ್ದುಕೊಳ್ಳುವ ತಿಳಿವಳಿಕೆ ಕೊಡಲಿಲ್ಲ. ಪಿಯುಸಿ ಮುಗಿಸುವ ಪ್ರತಿ ವಿದ್ಯಾರ್ಥಿಗೂ, ಯಾವುದೇ ವಿಭಾಗವಿರಲಿ, ಬಡ್ಡಿ, ವಿಮೆ ಮತ್ತು ತೆರಿಗೆಯ ಲೆಕ್ಕ ಬರಬೇಕು. ಇಪಿಎಸ್ ಕನಿಷ್ಠ ಪಿಂಚಣಿ ಬೆಲೆಯೇರಿಕೆಯ ಜೊತೆಗೆ ಏರಬೇಕು.

ಓದುಗರ ಪಾಲಿನ ಕೆಲಸ ಇಷ್ಟಕ್ಕೆ ಕಾಯಬೇಕಿಲ್ಲ. ಸಂಬಳ ಬಿದ್ದ ಮರುದಿನವೇ ಒಂದು ಪಾಲು ತಾನಾಗಿ ಪಿಪಿಎಫ್‌ಗೋ ಎನ್‌ಪಿಎಸ್‌ಗೋ ಎಸ್‌ಐಪಿಗೋ ಕಡಿತವಾಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ಮಾಲೀಕರು ಕಟ್ಟುವ ಎನ್‌ಪಿಎಸ್ ವಂತಿಗೆಗೆ ಹೊಸ ಪದ್ಧತಿಯಲ್ಲೂ ಮೂಲವೇತನದ ಶೇ 14ರವರೆಗೆ ವಿನಾಯಿತಿ ಇದೆ, ಆಫೀಸಿನಲ್ಲಿ ಕೇಳಿ. ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ; ಉಳಿತಾಯದ ಜೊತೆ ಬೆರೆಸದೆ ಟರ್ಮ್ ಪಾಲಿಸಿ ಬೇರೆಯಾಗಿ ಕೊಳ್ಳಿ. ಒಂದೇ ಬ್ಯಾಂಕಿನಲ್ಲಿ ₹5 ಲಕ್ಷ ಮೀರಿಸುವ ಮುನ್ನ ಎರಡು ಸಲ ಯೋಚಿಸಿ. ಕೆಲಸ ಬದಲಿಸಿದರೆ ಪಿಎಫ್ ಖಾತೆ ವರ್ಗಾಯಿಸಿ, ಹಿಂತೆಗೆಯಬೇಡಿ. ಎಲ್ಲ ಖಾತೆಗೂ ನಾಮಿನಿ ಹೆಸರು ಇದೆಯೇ ಎಂದು ಈ ವಾರವೇ ನೋಡಿ. ಕಾನೂನು ಒತ್ತಾಯಿಸುವುದನ್ನು ಬಿಟ್ಟಿದೆ. ಇನ್ನು ಮೇಲೆ ಆ ಒತ್ತಾಯವನ್ನು ನಮ್ಮ ಮೇಲೆ ನಾವೇ ಹಾಕಿಕೊಳ್ಳಬೇಕು.