ಎಲ್ಲಿ ಸಹಿ ಹಾಕ್ಲಿ ಹೇಳವ್ವ

ನನ್ನ ತಂಗಿ ಬ್ಯಾಂಕಿನಲ್ಲಿದ್ದಾಳೆ ಅಂದ ಕೂಡಲೇ ಜನ ಕೇಳೋದು ಎರಡೇ ಪ್ರಶ್ನೆ. ಕ್ಯಾಶ್ ಕೌಂಟರಾ? ಲೋನ್ ಮಾಡಿಸಿಕೊಡ್ತಾಳಾ? ಎರಡೂ ಅಲ್ಲ. ದಾವಣಗೆರೆಯ ಒಂದು ಖಾಸಗಿ ಬ್ಯಾಂಕಿನಲ್ಲಿ ಅವಳು ರಿಲೇಷನ್‌ಶಿಪ್ ಮ್ಯಾನೇಜರ್. ದುಡ್ಡನ್ನ ಎಲ್ಲಿ, ಎಷ್ಟು ವರ್ಷ ಇಡಬೇಕು ಅಂತ ಗ್ರಾಹಕರಿಗೆ ಹೇಳೋ ಕೆಲಸ. ಅಮ್ಮ ನೆಂಟರ ಹತ್ತಿರ 'ಹಣಕಾಸು ಸಲಹೆಗಾರ್ತಿ' ಅಂತಾಳೆ.

ನಿಜ ಹೇಳಬೇಕಂದ್ರೆ ಆ ಪದ ಅವಳಿಗೆ ಸಲ್ಲೋದಿಲ್ಲ. ಹೂಡಿಕೆ ಸಲಹೆಗಾರ ಅನ್ನಿಸಿಕೊಳ್ಳೋಕೆ ಸೆಬಿಯ 2013ರ ನಿಯಮದ ಪ್ರಕಾರ ಪ್ರತ್ಯೇಕ ನೋಂದಣಿ ಬೇಕು. ಮ್ಯೂಚುವಲ್ ಫಂಡ್ ಮಾರೋರು ಆ ನೋಂದಣಿ ಇಲ್ಲದೆ 'ವೆಲ್ತ್ ಅಡ್ವೈಸರ್' ಅಂತ ಹೆಸರು ಹಾಕಿಕೊಳ್ಳಬಾರದು ಅಂತ 2020ರಲ್ಲಿ ಇನ್ನೊಂದು ನಿಯಮ ಬಂತು. ತಂಗಿ ಪಾಸು ಮಾಡಿರೋದು ವಿತರಕರ ಪರೀಕ್ಷೆ. ಅಂದರೆ ಅವಳು ಮಾರೋಳು. ಸಲಹೆ ಅನ್ನೋದು ಜನ ತಾವಾಗೇ ಅವಳ ಮೇಲೆ ಹೊರಿಸಿರೋ ಭಾರ.

ಕಳೆದ ಮಾರ್ಚ್‌ನಲ್ಲಿ ನನಗೆ ವರ್ಕ್ ಫ್ರಮ್ ಹೋಮ್ ಸಿಕ್ಕಿತ್ತು. ಒಂದು ತಿಂಗಳು ದಾವಣಗೆರೆಯ ಮನೆಯಲ್ಲೇ ಕೂತೆ. ಅವಳ ಕೆಲಸ ಏನು ಅಂತ ಸರಿಯಾಗಿ ನೋಡಿದ್ದು ಆಗಲೇ.

ನಮ್ಮ ಸ್ಟ್ಯಾಂಡ್-ಅಪ್ ಮೀಟಿಂಗ್‌ನಲ್ಲಿ ನಿನ್ನೆ ಏನು ಮಾಡಿದೆ ಅಂತ ಕೇಳ್ತಾರೆ. ಅವಳ ಬೆಳಗಿನ ಮೀಟಿಂಗ್‌ನಲ್ಲಿ ಇವತ್ತು ಎಷ್ಟು ತರ್ತೀಯ ಅಂತ ಕೇಳ್ತಾರೆ. ಡೆಪಾಸಿಟ್ ಎಷ್ಟು, ವಿಮೆ ಎಷ್ಟು, ಎಸ್‌ಐಪಿ ಎಷ್ಟು. ಆಮೇಲೆ ಫೋನು. ಬಟ್ಟೆ ಅಂಗಡಿಯವರಿಗೆ ಬೋಣಿಗೆ ಆಗೋವರೆಗೂ ಮಾಡಬಾರದು. ಡಾಕ್ಟರ್‌ಗಳಿಗೆ ಮಧ್ಯಾಹ್ನ ಓಪಿಡಿ ಮುಗಿದ ಮೇಲೆ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರಿಗೆ ರೇಟು ಏರಿದ ದಿನ. ನಿಫ್ಟಿ ನೋಡೋಕೆ ಮುಂಚೆ ಅಡಿಕೆ ಧಾರಣೆ ನೋಡೋ ಬ್ಯಾಂಕ್ ಉದ್ಯೋಗಿ ಇವಳೊಬ್ಬಳೇ ಇರಲಾರಳು.

ಇಂಥ ಕೆಲಸಕ್ಕೆ ಸೇರಿದೋರ ಮೊದಲ ಗ್ರಾಹಕರು ಮನೆಯವರೇ. ಅಪ್ಪನ ಹೆಸರಲ್ಲಿ ಒಂದು ಪಾಲಿಸಿ, ನನ್ನ ಹೆಸರಲ್ಲಿ ಒಂದು. ಮನೆ ಮುಗಿದ ಮೇಲೆ ಬೀದಿ. ನಮ್ಮ ಬೀದಿಯ ಕಿರಾಣಿ ಅಂಗಡಿ ಮಾಮ ಅವಳನ್ನ ಎತ್ತಿ ಆಡಿಸಿದವರು. ಅವಳು ಸೇರಿದ ಮೊದಲ ವರ್ಷವೇ ಒಂದು ಲಕ್ಷ ಕೊಟ್ಟು ಸಹಿ ಹಾಕಿದರು. ಎಫ್‌ಡಿ ತರಾನೇ, ಒಂದೇ ಸಲ ಕಟ್ಟೋದು ಅಂದುಕೊಂಡಿದ್ದರು. ಮುಂದಿನ ವರ್ಷ ಎರಡನೇ ಕಂತಿನ ಮೆಸೇಜ್ ಬಂತು. ನಿಲ್ಲಿಸಿದರೆ ಕಟ್ಟಿದ್ದರಲ್ಲಿ ಹೆಚ್ಚಿನದು ಹೋಗುತ್ತೆ. ಮಗಳ ಮದುವೆಗೆ ಅಂತ ಕಟ್ಟುತ್ತಿದ್ದ ಆರ್‌ಡಿ ಮುರಿಸಿ ಕಂತು ಕಟ್ಟಿದರು. ಜಗಳ ಆಡಲಿಲ್ಲ. ನಮ್ಮ ಮನೆಗೆ ಚಹಾ ಕುಡಿಯೋಕೆ ಬರೋದು ನಿಲ್ಲಿಸಿದರು, ಅಷ್ಟೇ.

"ಐದು ವರ್ಷ ಕಟ್ಟಬೇಕು ಅಂತ ಹೇಳಿರಲಿಲ್ವಾ?" ಅಂತ ಕೇಳಿದೆ.

"ಹೇಳಿದ್ದೆ ಅಣ್ಣ. ಮೆಲ್ಲಗೆ ಹೇಳಿದ್ದೆ."

ನಾನು ಬರೆದ ಕೋಡ್‌ನಲ್ಲಿ ತಪ್ಪಿದ್ದರೆ ರಾತ್ರಿಯೇ ಹಳೇ ವರ್ಷನ್‌ಗೆ ವಾಪಸ್ ಹೋಗ್ತೀವಿ. ವಿಮೆಯಲ್ಲೂ ಅಂಥದ್ದೊಂದು ದಾರಿ ಇದೆ, ಫ್ರೀ-ಲುಕ್ ಅಂತಾರೆ. ಪಾಲಿಸಿ ಕಾಗದ ಕೈಗೆ ಬಂದ ಮೇಲೆ ಇಷ್ಟು ದಿನದೊಳಗೆ ಬೇಡ ಅಂದರೆ ಸ್ವಲ್ಪ ಖರ್ಚು ಹಿಡಿದುಕೊಂಡು ದುಡ್ಡು ವಾಪಸ್ ಕೊಡಬೇಕು. 2024ರ ಏಪ್ರಿಲ್‌ನಿಂದ ಆ ಅವಧಿ 30 ದಿನ. ಆದರೆ ಮಾಮನಿಗೆ ತಪ್ಪು ಗೊತ್ತಾಗಿದ್ದು ಒಂದು ವರ್ಷ ಆದ ಮೇಲೆ.

ಮಾರ್ಚ್ ಮುಗಿಯೋಕೆ ಮೂರು ದಿನ ಇತ್ತು. ತಂಗಿಯ ವಿಮೆ ಟಾರ್ಗೆಟ್‌ಗೆ ಇನ್ನೂ ಒಂದೂವರೆ ಲಕ್ಷ ಪ್ರೀಮಿಯಂ ಕಮ್ಮಿ. ಹರಿಹರದಲ್ಲಿ ಒಬ್ಬರನ್ನ ನೋಡಬೇಕು, ಸ್ಕೂಟಿ ಕೆಟ್ಟಿದೆ, ಕಾರಲ್ಲಿ ಬಿಡು ಅಂದಳು. ಪಿ.ಬಿ. ರಸ್ತೆ ಹಿಡಿದು ಹೊರಟೆವು. ದಾರಿಯಲ್ಲಿ ಅವಳೇ ಅಂದಳು: "ಹರಿಹರೇಶ್ವರನ ಮೂರ್ತಿ ನೋಡಿದ್ದೀಯಲ್ಲ, ಅರ್ಧ ಹರಿ ಅರ್ಧ ಹರ. ನಾನೂ ಹಂಗೇ. ಅರ್ಧ ಕಸ್ಟಮರ್ ಕಡೆ, ಅರ್ಧ ಬ್ಯಾಂಕ್ ಕಡೆ. ದೇವರಿಗೆ ಸರಿ, ತಿಂಗಳ ಕೊನೇಲಿ ಟಾರ್ಗೆಟ್ ಕೇಳೋರಿಲ್ಲ."

ಹಿರಿಯರು ಹೊಳೆಯಾಚೆ ಕುಮಾರಪಟ್ಟಣದ ಫೈಬರ್ ಕಾರ್ಖಾನೆಯಲ್ಲಿ ದುಡಿದು 60ಕ್ಕೆ ನಿವೃತ್ತರಾದವರು. ಅವರ ಅಣ್ಣ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಇದ್ದವರಂತೆ. ಆ ಕಾರ್ಖಾನೆ ಮುಚ್ಚಿದಾಗ ಮನೆ ಹೇಗೆ ನಡೀತು ಅಂತ ಇವರು ಕಣ್ಣಾರೆ ಕಂಡಿದ್ದಾರೆ. ಹಾಗಾಗಿ ಪಿಎಫ್, ಗ್ರ್ಯಾಚುಟಿ ಸೇರಿ ಕೈಯಲ್ಲಿ ಉಳಿದ 12 ಲಕ್ಷದ ಬಗ್ಗೆ ಅವರಿಗೆ ಒಂದೇ ಆಸೆ, ಕಳೀಬಾರದು.

ಪ್ಲಾಸ್ಟಿಕ್ ಕವರ್‌ನಿಂದ ಪಾಸ್‌ಬುಕ್, ಪ್ಯಾನ್, ಆಧಾರ್ ತೆಗೆದು ಟೀಪಾಯ್ ಮೇಲಿಟ್ಟರು. ಅವರ ಹೆಂಡತಿ ಮಂಡಕ್ಕಿ, ಚಹಾ ತಂದರು. ತಂಗಿ ಬ್ಯಾಗ್ ತೆಗೆಯೋಕೆ ಮುಂಚೆಯೇ ಅವರು ಕನ್ನಡಕ ಹಾಕಿಕೊಂಡು ಪೆನ್ ಹಿಡಿದರು.

"ನಂಗೇನ್ ತಿಳೀತೈತಿ? ಎಲ್ಲಿ ಸಹಿ ಹಾಕ್ಲಿ ಹೇಳವ್ವ."

2017ರಲ್ಲಿ ಎಸ್‌ಬಿಐ ಜೊತೆ ಸೇರಿಹೋದ ಬ್ಯಾಂಕನ್ನ ನಮ್ಮಪ್ಪ ಇವತ್ತಿಗೂ 'ಮೈಸೂರು ಬ್ಯಾಂಕ್' ಅಂತಲೇ ಕರೆಯೋದು. ಆ ತಲೆಮಾರಿಗೆ ಬ್ಯಾಂಕಿನವರು ಹೇಳಿದ್ದು ಅಂದರೆ ಮುಗೀತು. ಆ ಮೇಜಿನ ಆ ಕಡೆ ಕೂತಿರೋರಿಗೆ ಟಾರ್ಗೆಟ್ ಇರುತ್ತೆ ಅಂತ ಅವರಿಗೆ ಯಾರೂ ಹೇಳಿಲ್ಲ.

ಅಷ್ಟರಲ್ಲಿ ತಂಗಿಯ ಫೋನ್ ಮಿಣುಕಿತು. ಶಾಖೆಯ ಮ್ಯಾನೇಜರ್ ಮೆಸೇಜ್: 'ಹರಿಹರ ಕೇಸ್ ಏನಾಯ್ತು?' ಅವಳು ಫೋನ್ ಬೋರಲು ಮಲಗಿಸಿದಳು. ನನಗೆ ಎದೆ ಹೊಡ್ಕೊಳ್ತಿತ್ತು. ಅವಳ ಬ್ಯಾಗಿನಲ್ಲಿ ಪಾಲಿಸಿ ಅರ್ಜಿ ಇತ್ತು, ಭರ್ತಿ ಮಾಡೋಕೆ ಹತ್ತು ನಿಮಿಷ ಸಾಕು.

"ಮಾವ, ಪೆನ್ ಕೆಳಗಿಡ್ರಿ. ಮೊದಲು ತಿಂಗಳ ಖರ್ಚು ಎಷ್ಟು ಹೇಳ್ರಿ," ಅಂದಳು.

ಲೆಕ್ಕ ಅರ್ಧ ಗಂಟೆ ನಡೀತು. ಕೊನೆಗೆ ಅವಳು ಹೇಳಿದ್ದು ಹಿರಿಯ ನಾಗರಿಕರ ಉಳಿತಾಯ ಯೋಜನೆ. ಅದರ ಮಿತಿಯನ್ನ 2023ರಲ್ಲಿ 15ರಿಂದ 30 ಲಕ್ಷಕ್ಕೆ ಏರಿಸಿದ್ದಾರೆ. ಐದು ವರ್ಷದ ಅವಧಿ, ಬಡ್ಡಿ ಆಗ 8.2%. ಹತ್ತು ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ ಕೈಗೆ. ಉಳಿದ ಎರಡು ಲಕ್ಷ ಆಸ್ಪತ್ರೆ ಗೀಸ್ಪತ್ರೆಗೆ ಬೇಕಾದಾಗ ಮುರಿಸೋ ಹಾಗೆ ಇವಳ ಬ್ಯಾಂಕಲ್ಲೇ ಎಫ್‌ಡಿ. ತೊಂದರೆ ಏನಂದ್ರೆ ಆ ಯೋಜನೆ ಅವಳ ಬ್ಯಾಂಕಿನಲ್ಲಿ ಇರಲಿಲ್ಲ. "ಪೋಸ್ಟ್ ಆಫೀಸಿಗೆ ಹೋಗ್ರಿ," ಅಂದಳು. ಹತ್ತು ಲಕ್ಷವನ್ನ ತನ್ನ ಕೈಯಾರೆ ಆಚೆ ಕಳಿಸಿದಳು.

ವಾಪಸ್ ಬರುವಾಗ ಮ್ಯಾನೇಜರ್‌ಗೆ ಫೋನ್ ಮಾಡಿ ಇದ್ದದ್ದನ್ನ ಹೇಳಿದಳು. ಆ ಕಡೆ ಕೂಗಾಟ ಇರಲಿಲ್ಲ. "ನೀನು ಎನ್‌ಜಿಓ ನಡೆಸ್ತಿದ್ದೀಯಾ?" ಅಂದರಂತೆ. ಆ ಮನುಷ್ಯನೂ ಕೆಟ್ಟವನಲ್ಲ, ಅವನ ಮೇಲೆ ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ ಅಂದಳು. 2024ರ ನವೆಂಬರ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಬ್ಯಾಂಕುಗಳು ವಿಮೆಯನ್ನ ತಪ್ಪಾಗಿ ಮಾರೋದರ ಬಗ್ಗೆ ಮುಂಬೈನಲ್ಲಿ ಎಚ್ಚರಿಸಿದ್ದರು. ಆ ವಿಡಿಯೋ ಇವರ ಗ್ರೂಪಿನಲ್ಲೂ ಓಡಾಡಿತಂತೆ. ಮಾರನೇ ದಿನದ ಟಾರ್ಗೆಟ್ ಮಾತ್ರ ಬದಲಾಗಲಿಲ್ಲ.

ಆ ತಿಂಗಳು ಅವಳಿಗೆ ಇನ್ಸೆಂಟಿವ್ ಬರಲಿಲ್ಲ. ಏಪ್ರಿಲ್ 1ಕ್ಕೆ ಎಲ್ಲರ ಅಂಕಿಯೂ ಮತ್ತೆ ಸೊನ್ನೆಯಿಂದ ಶುರು.

ನನ್ನ ಹಾಗೆ ಊರು ಬಿಟ್ಟು ಬೆಂಗಳೂರಲ್ಲೋ ಹೈದರಾಬಾದಲ್ಲೋ ಕೂತು ಇದನ್ನ ಫೋನಲ್ಲಿ ಓದ್ತಿರೋರಿಗೆ ಒಂದು ಮಾತು. ನಿಮ್ಮಪ್ಪ ಅಮ್ಮನೂ ಯಾವುದೋ ಶಾಖೆಯಲ್ಲಿ ಪೆನ್ ಹಿಡಿದು ಕೂತಿರಬಹುದು. ಅವರಿಗೆ ನಾಲ್ಕು ಪ್ರಶ್ನೆ ಕಲಿಸಿ. ಇದು ಡೆಪಾಸಿಟ್ಟೋ, ಪಾಲಿಸಿಯೋ? ಎಷ್ಟು ವರ್ಷ ಕಟ್ಟಬೇಕು? ಮಧ್ಯೆ ನಿಲ್ಲಿಸಿದರೆ ಎಷ್ಟು ವಾಪಸ್ ಬರುತ್ತೆ? ಇದರಲ್ಲಿ ಬ್ಯಾಂಕಿಗೆ ಎಷ್ಟು ಕಮಿಷನ್? ಪ್ರಶ್ನೆ ಪಟ್ಟಿ ಮಾಡಿಕೊಟ್ಟಿದ್ದು ನನ್ನ ತಂಗಿಯೇ. "ಕೇಳಿದರೆ ನಮಗೂ ಒಳ್ಳೇದು ಅಣ್ಣ. ಜೋರಾಗಿ ಹೇಳೋಕೆ ನೆಪ ಸಿಗುತ್ತೆ," ಅಂದಳು. ತಪ್ಪು ಪಾಲಿಸಿ ಕೈಗೆ ಬಂದಿದ್ದರೆ ತಾರೀಕು ನೋಡಿ, 30 ದಿನ ದಾಟಿಲ್ಲದಿದ್ದರೆ ಇವತ್ತೇ ಬರೆದು ಕೊಡಿ.

ಕಿರಾಣಿ ಮಾಮ ಇನ್ನೂ ಚಹಾಕ್ಕೆ ಬಂದಿಲ್ಲ. ಕಂತಿಗೆ ಎರಡು ತಿಂಗಳು ಇರೋವಾಗಲೇ ತಂಗಿ ಅಂಗಡಿಗೆ ಹೋಗಿ ನೆನಪಿಸಿ ಬರ್ತಾಳೆ. ಅವರು ತಲೆ ಆಡಿಸ್ತಾರೆ.

ಜುಲೈ ಮೊದಲ ವಾರ ಹರಿಹರದಿಂದ ಫೋನ್ ಬಂತು. "ಬಡ್ಡಿ ಬಂತವ್ವ. ಇದ್ರಾಗ ನಿಂಗೇನರ ಸಿಕ್ತೇನು?" ಇಲ್ಲ ಅಂದಳಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಮಗನಿಗೆ ಎರಡು ಸಣ್ಣ ಮಕ್ಕಳು, ಒಂದು ವಿಮೆಯೂ ಇಲ್ಲ, ಬಂದು ಮಾತಾಡು ಅಂದರು. ಅವನಿಗೆ ಬೇಕಿರೋದು ಟರ್ಮ್ ಪಾಲಿಸಿ. ಅದರ ಪ್ರೀಮಿಯಂ ಚಿಕ್ಕದು, ಟಾರ್ಗೆಟ್ ಲೆಕ್ಕದಲ್ಲಿ ಕಣ್ಣಿಗೂ ಕಾಣಲ್ಲ.

ನಾಲ್ಕನೇ ಶನಿವಾರ ಬ್ಯಾಂಕಿಗೆ ರಜ. "ನೀ ಊರಿಗೆ ಬರೋದಿದ್ರೆ ಕಾರ್ ತಗೊಂಡು ಬಾ, ಹರಿಹರಕ್ಕೆ ಹೋಗಬೇಕು," ಅಂತ ನಿನ್ನೆ ರಾತ್ರಿ ಮೆಸೇಜ್ ಹಾಕಿದ್ದಾಳೆ.