ಪಾಕಶಾಲೆ: ನಾಲ್ಕು ನಾಡುಗಳ ಒಂದೇ ಹರಿವಾಣ

ಉತ್ತರ ಆಫ್ರಿಕದ ಮೊರಾಕೊ, ಆಲ್ಜೀರಿಯ, ಟ್ಯುನೀಸಿಯ ಮತ್ತು ಅವುಗಳ ನೆರೆಯ ಮಾರಿಟೇನಿಯ ದೇಶಗಳಲ್ಲಿ ನಮ್ಮ ಅನ್ನಕ್ಕಿರುವಂತಹ ಮನ್ನಣೆ ಕುಸ್ಕುಸ್ ಎಂಬ ಪದಾರ್ಥಕ್ಕಿದೆ. ಹೆಸರು ಕೇಳಿದೊಡನೆ ಗಸಗಸೆಯ ನೆನಪಾಗುವುದು ಸಹಜ. ಸೋಲಾಪುರ, ಜತ್ತದ ಕಡೆಯ ಸೋದರಿಯರಿಗೆ ಮರಾಠಿಯ ‘ಖಸಖಸ’ವೂ ನೆನಪಾದೀತು. ಅದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇದು ಗೋಧಿಯ ರವೆಯನ್ನು ಕೈಯಿಂದ ಹೊಸೆದು ಮಾಡಿದ ಸಣ್ಣ ಕಾಳು.

ಅಗಲವಾದ ಹರಿವಾಣದಲ್ಲಿ ರವೆಯನ್ನು ಹರಡಿ, ಉಪ್ಪುನೀರನ್ನು ಚಿಮುಕಿಸಿ, ನಯವಾದ ಹಿಟ್ಟನ್ನು ಉದುರಿಸುತ್ತ ಅಂಗೈಯಿಂದ ಸುತ್ತುಸುತ್ತಾಗಿ ಉಜ್ಜುತ್ತಾರೆ. ಕಾಳುಗಟ್ಟಿದ ಮೇಲೆ ಜರಡಿ ಹಿಡಿದು, ಕೆಳಗೆ ಬಿದ್ದುದನ್ನು ಮತ್ತೆ ಹೊಸೆಯುತ್ತಾರೆ. ಹಬೆಯಲ್ಲಿ ಬೇಯಿಸಿ ಬಿಸಿಲಿನಲ್ಲಿ ಒಣಗಿಸಿದರೆ ತಿಂಗಳುಗಟ್ಟಲೆ ಕೆಡದು. ಹೆಂಗಸರು ಒಂದೆಡೆ ಕಲೆತು ಮಾಡುವ ಈ ಕೆಲಸವು ನಮ್ಮ ಬೇಸಗೆಯ ಹಪ್ಪಳ, ಸಂಡಿಗೆ, ಶಾವಿಗೆಗಳ ದಿನಗಳನ್ನು ನೆನಪಿಗೆ ತರುತ್ತದೆ.

ಕುಸ್ಕುಸ್ಸನ್ನು ಸಾಮಾನ್ಯವಾಗಿ ತರಕಾರಿ, ಮಾಂಸಗಳ ಸಾರಿನೊಡನೆ ಉಣ್ಣುತ್ತಾರೆ. ಒಣಹಣ್ಣು ಬೆರೆತ ಸಿಹಿಯೂ ಉಂಟು. ಮೊರಾಕೊದಲ್ಲಿ ಅದು ‘ಸೆಫ್ಫಾ’. ಆಲ್ಜೀರಿಯ, ಟ್ಯುನೀಸಿಯಗಳಲ್ಲಿ ‘ಮೆಸ್ಫೂಫ್’. ರಂಜಾನ್ ಮಾಸದಲ್ಲಿ ಉಪವಾಸಕ್ಕೆ ಮುನ್ನ, ನಸುಕಿನ ಊಟಕ್ಕೂ ಮೆಸ್ಫೂಫನ್ನು ಬಡಿಸುವ ವಾಡಿಕೆಯಿದೆ. ಅದರ ಸರಳ ಕ್ರಮವನ್ನು ಇಲ್ಲಿ ಕೊಡುತ್ತಿದ್ದೇವೆ.

ಬೇಕಾಗುವ ಸಾಮಗ್ರಿಗಳು (ನಾಲ್ವರಿಗೆ): ಕುಸ್ಕುಸ್ 2 ಲೋಟ, ಕುದಿಯುವ ನೀರು 2 ಲೋಟ, ಬೆಣ್ಣೆ ಅಥವಾ ತುಪ್ಪ 3 ಚಮಚ, ಒಣದ್ರಾಕ್ಷಿ 50 ಗ್ರಾಂ, ಬೀಜ ತೆಗೆದ ಖರ್ಜೂರ 10, ಬಾದಾಮಿ 50 ಗ್ರಾಂ, ಸಕ್ಕರೆ ಪುಡಿ 3 ಚಮಚ, ದಾಲ್ಚಿನ್ನಿ ಪುಡಿ 1 ಸಣ್ಣ ಚಮಚ, ಉಪ್ಪು ಚಿಟಿಕೆ. ಪೊಟ್ಟಣದಲ್ಲಿ ಮಾರುವ ಕುಸ್ಕುಸ್ ಬಹುಮಟ್ಟಿಗೆ ಮೊದಲೇ ಬೆಂದು ಒಣಗಿದ್ದಾಗಿರುತ್ತದೆ. ಈ ಅಳತೆ ಅದಕ್ಕೆ ಹೊಂದುತ್ತದೆ.

ಮಾಡುವ ಕ್ರಮ: ದ್ರಾಕ್ಷಿಯನ್ನು ಬಿಸಿನೀರಿನಲ್ಲಿ 10 ನಿಮಿಷ ನೆನೆಸಿಡಿ. ಬಾದಾಮಿಯ ಸಿಪ್ಪೆ ಸುಲಿದು, ಒಂದು ಚಮಚ ತುಪ್ಪದಲ್ಲಿ ಹುರಿದು ಹೆಚ್ಚಿಕೊಳ್ಳಿ. ಕುಸ್ಕುಸ್ಸಿಗೆ ಉಪ್ಪು ಬೆರೆಸಿ, ಕುದಿನೀರನ್ನು ಸುರಿದು 5 ನಿಮಿಷ ಮುಚ್ಚಿಡಿ. ಬಳಿಕ ಉಳಿದ ತುಪ್ಪವನ್ನು ಹಾಕಿ ಬೆರಳುಗಳಿಂದ ಉದುರುದುರಾಗಿ ಬಿಡಿಸಿ. ಇಡ್ಲಿ ಪಾತ್ರೆಯಲ್ಲಿ ತೂತುಗಳಿರುವ ತಟ್ಟೆಯನ್ನಿಟ್ಟು, ತೆಳುವಾದ ಬಟ್ಟೆ ಹಾಸಿ, ಕುಸ್ಕುಸ್ಸನ್ನೂ ದ್ರಾಕ್ಷಿಯನ್ನೂ ಹರಡಿ 10 ನಿಮಿಷ ಹಬೆಯಾಡಿಸಿ. ಮುಚ್ಚಳ ಹಾಕಲಾಗದು, ಅದರಿಂದ ತೊಟ್ಟಿಕ್ಕುವ ನೀರು ಕಾಳನ್ನು ಮುದ್ದೆಯಾಗಿಸುತ್ತದೆ. ಕೊನೆಯಲ್ಲಿ ಹೆಚ್ಚಿದ ಖರ್ಜೂರವನ್ನು ಬೆರೆಸಿ, ತಟ್ಟೆಯಲ್ಲಿ ಗೋಪುರದಂತೆ ಪೇರಿಸಿ, ಬಾದಾಮಿ, ಸಕ್ಕರೆ, ದಾಲ್ಚಿನ್ನಿಗಳನ್ನು ಗೆರೆಗೆರೆಯಾಗಿ ಉದುರಿಸಿ. ಜೊತೆಗೆ ತಣ್ಣನೆಯ ಹಾಲು ಇಲ್ಲವೆ ಮಜ್ಜಿಗೆ ಇರಲಿ.

ಈ ಅಡಿಗೆಯನ್ನು ನಾವು ಆರಿಸಿಕೊಂಡುದಕ್ಕೆ ರುಚಿಯ ಹೊರತಾಗಿ ಇನ್ನೊಂದು ಕಾರಣವಿದೆ. ಮೊರಾಕೊ, ಆಲ್ಜೀರಿಯಗಳ ನಡುವಣ ನೆಲಗಡಿ 1994ರಲ್ಲಿ ಮುಚ್ಚಿತು; 2021ರಲ್ಲಿ ರಾಜತಾಂತ್ರಿಕ ಸಂಬಂಧವೂ ಕಡಿಯಿತು. ಆದರೂ 2020ರಲ್ಲಿ ಆ ಎರಡೂ ದೇಶಗಳು ಟ್ಯುನೀಸಿಯ, ಮಾರಿಟೇನಿಯಗಳೊಡಗೂಡಿ ಸಲ್ಲಿಸಿದ್ದ ಒಂದೇ ಮನವಿಯ ಮೇರೆಗೆ ಯುನೆಸ್ಕೋ ಸಂಸ್ಥೆಯು ಕುಸ್ಕುಸ್ಸಿನ ತಿಳಿವಳಿಕೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಇದು ನನ್ನದು, ನಿನ್ನದಲ್ಲ ಎಂದು ಹೇಳಲು ಅಲ್ಲಿಯ ಒಲೆಗಳು ಎಡೆಗೊಡಲಿಲ್ಲ.

ಗಡಿಯ ಈಚೆ ನೆಲೆಸಿರುವ ನಮಗೆ ಈ ಮಾತು ಸುಲಭವಾಗಿ ತಿಳಿಯುತ್ತದೆ. 1956ರಲ್ಲಿ ರಾಜ್ಯಗಳ ಎಲ್ಲೆಗಳು ಬದಲಾದವು. ನಮ್ಮ ಮನೆಗಳಲ್ಲಿ ರೊಟ್ಟಿ ತಟ್ಟುವ, ಕಡುಬು ಬೇಯಿಸುವ ಕೈಗಳು ತಮ್ಮ ಕೆಲಸವನ್ನು ಮರೆಯಲಿಲ್ಲ. ಆ ನಾಡುಗಳಲ್ಲಿ ಕುಸ್ಕುಸ್ಸನ್ನು ಒಂದೇ ಹರಿವಾಣದ ಸುತ್ತ ಕುಳಿತು ಉಣ್ಣುವುದು ರೂಢಿ. ಮುಂದಿನ ರಜಾದಿನದಂದು ನೆರೆಮನೆಯವರನ್ನೂ ಕರೆದು, ಹಾಗೆಯೇ ಬಡಿಸಿ ನೋಡಿರೆಂದು ನಮ್ಮ ಸೋದರಿಯರಲ್ಲಿ ಕೇಳಿಕೊಳ್ಳುತ್ತೇವೆ.